ಕಾಲರ್ ಕಟ್ಟಿ ಹತ್ತು ದಿನವಾಯ್ತು, ಚಿಗಟ ಇನ್ನೂ ಹೋಗಿಲ್ಲ ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ 3 ವರ್ಷದ ಒಂದು ನಾಯಿ, ಎರಡು ಬೆಕ್ಕುಗಳಿವೆ. ನಾಯಿಗೆ ಚಿಗಟ, ಉಣ್ಣೆ ಎರಡೂ ಹತ್ತಿವೆ. ಡೆಲ್ಟಾಮೆಥ್ರಿನ್ ಎಂದು ಬರೆದಿದ್ದ ಔಷಧದ ಕಾಲರ್ ತಂದು ಕಟ್ಟಿದೆವು. 10 ದಿನವಾದರೂ ಚಿಗಟ ಓಡಾಡುತ್ತಲೇ ಇವೆ, ಕಿವಿಯೊಳಗೆ ಉಣ್ಣೆಯೂ ಇದೆ. ಕಾಲರ್ ಉದ್ದವಿದ್ದ ಕಾರಣ ಕತ್ತರಿಸಿದ ತುಂಡು ಉಳಿದಿದೆ. ಅದನ್ನು ಬೆಕ್ಕಿಗೆ ಕಟ್ಟಬಹುದಾ? ಇಂಥ ಕಾಲರ್‌ಗಳಿಂದ ನಾಯಿಗಳು ಸತ್ತಿವೆ ಎಂದೂ ಓದಿದೆ. 5 ವರ್ಷದ ಮಗಳು ನಾಯಿಯನ್ನು ಅಪ್ಪಿಕೊಂಡೇ ಮಲಗುತ್ತಾಳೆ. ಈಗ ಏನು ಮಾಡಲಿ?

ಉತ್ತರ: ಮೊದಲು ಆ ತುಂಡಿನ ವಿಷಯ. ಅದನ್ನು ಬೆಕ್ಕಿಗೆ ಕಟ್ಟಲೇಬೇಡಿ. ಮುಂದಿನದನ್ನು ಓದುವ ಮೊದಲು ಎದ್ದು ಹೋಗಿ, ಅದನ್ನು ಗಟ್ಟಿಯಾಗಿ ಸುತ್ತಿ, ಮಗುವಿನ ಕೈಗೂ ಪ್ರಾಣಿಗಳ ಬಾಯಿಗೂ ಸಿಗದ ಹಾಗೆ ಕಸಕ್ಕೆ ಹಾಕಿ ಬನ್ನಿ. ಆಮೇಲೆ ಮಾತಾಡೋಣ.

ಡೆಲ್ಟಾಮೆಥ್ರಿನ್ ಪೈರೆಥ್ರಾಯ್ಡ್ ಎಂಬ ಗುಂಪಿಗೆ ಸೇರಿದ ಔಷಧ. ಸೇವಂತಿಗೆಯ ನಂಟಿನ ಒಂದು ಹೂವಿನಲ್ಲಿ ಕೀಟಗಳನ್ನು ಕೊಲ್ಲುವ ಸತ್ವವಿದೆ. ಅದನ್ನೇ ಹೋಲುವ, ಅದಕ್ಕಿಂತ ಗಟ್ಟಿಯಾದ ರಾಸಾಯನಿಕಗಳನ್ನು ಮನುಷ್ಯ ತಯಾರಿಸಿಕೊಂಡ. ಇವು ಕೀಟದ ನರಗಳನ್ನು ಹಿಡಿದು ಅಲ್ಲಾಡಿಸುತ್ತವೆ. ನಾಯಿಯ ಪಿತ್ತಜನಕಾಂಗ ಇವನ್ನು ಸಲೀಸಾಗಿ ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ತಾಕತ್ತು ತುಂಬಾ ಕಮ್ಮಿ. ಔಷಧ ಮೈಯಲ್ಲೇ ಉಳಿದುಬಿಡುತ್ತದೆ. ಸಾಲದ್ದಕ್ಕೆ ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಚರ್ಮದ ಮೇಲಿದ್ದದ್ದೆಲ್ಲ ಹೊಟ್ಟೆಗೂ ಹೋಗುತ್ತದೆ.

ಇದೇ ಗುಂಪಿನ ಪರ್ಮೆಥ್ರಿನ್ ಇನ್ನೂ ಕುಖ್ಯಾತ. ನಾಯಿಯ ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಹನಿಯನ್ನು 'ಅರ್ಧ ಮಾತ್ರ ಹಾಕಿದೆ ಡಾಕ್ಟ್ರೇ' ಎನ್ನುತ್ತಾ ಒಬ್ಬರು ಬೆಕ್ಕನ್ನು ತಂದಿದ್ದರು. ಹನಿ ಹಾಕಿದ್ದು ಹಿಂದಿನ ಸಂಜೆ. ಬುಟ್ಟಿಯಿಂದ ಇಳಿಸಿ ಮೇಜಿನ ಮೇಲೆ ಬಿಟ್ಟೆ. ಕಿವಿಯ ತುದಿಗಳು ಪಟಪಟ ಅದುರುತ್ತಿದ್ದವು. ಒಂದೊಂದು ಹೆಜ್ಜೆಗೂ ಪಾದವನ್ನು ನೀರು ಮೆಟ್ಟಿದ ಹಾಗೆ ಝಾಡಿಸುತ್ತಿತ್ತು. ಬೆನ್ನ ಚರ್ಮ ಅಲೆ ಅಲೆಯಾಗಿ ನಡುಗುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಶುರುವಾಗುತ್ತಿತ್ತು. ಸೋಪು ಹಾಕಿ ಮೈ ತೊಳೆದು, ನಡುಕ ನಿಲ್ಲಿಸುವ ಔಷಧ ಕೊಟ್ಟು, ಎರಡು ದಿನ ಇಟ್ಟುಕೊಂಡ ಮೇಲೆ ಎದ್ದು ಕೂತಿತು. ಎಲ್ಲ ಬೆಕ್ಕಿಗೂ ಇಷ್ಟು ಅದೃಷ್ಟ ಇರುವುದಿಲ್ಲ. ಕಾಲರ್‌ನಿಂದ ಔಷಧ ನಿಧಾನವಾಗಿ ಬರುತ್ತದೆ, ಹನಿಯಷ್ಟು ಒಮ್ಮೆಗೇ ಬರುವುದಿಲ್ಲ ಎನ್ನುವುದು ನಿಜ. ಹಾಗಂತ ಅದನ್ನು ಬೆಕ್ಕಿನ ಮೇಲೆ ಪರೀಕ್ಷೆ ಮಾಡಿ ನೋಡುವ ಅಗತ್ಯವಿಲ್ಲ ಅಲ್ವಾ?

ಬೆಕ್ಕಿಗೆ ಅಂತಲೇ ಕಾಲರ್ ಬರುತ್ತದೆ. ಇಮಿಡಾಕ್ಲೋಪ್ರಿಡ್ ಮತ್ತು ಫ್ಲುಮೆಥ್ರಿನ್ ಎರಡೂ ಸೇರಿದ ಕಾಲರ್ ಅದು, 10 ವಾರ ದಾಟಿದ ಬೆಕ್ಕಿಗೆ ಹಾಕಬಹುದು. ಫ್ಲುಮೆಥ್ರಿನ್ ಕೂಡ ಪೈರೆಥ್ರಾಯ್ಡೇ. ಆದರೆ ಆ ಕಾಲರ್‌ನಲ್ಲಿ ಅದು ಹೊರಬರುವ ಪ್ರಮಾಣವನ್ನು ಬೆಕ್ಕು ತಡೆದುಕೊಳ್ಳುತ್ತದೆ ಎಂದು ಪರೀಕ್ಷಿಸಿ ನೋಡಲಾಗಿದೆ. ಹಾಗಾಗಿ ಗುಂಪಿನ ಹೆಸರು ನೋಡಿ ಲೆಕ್ಕ ಹಾಕಬೇಡಿ. ಪೆಟ್ಟಿಗೆಯ ಮೇಲೆ ಬೆಕ್ಕು ಎಂದು ಬರೆದಿರಬೇಕು. ಬರೆದಿಲ್ಲ ಅಂದರೆ ಬೆಕ್ಕಿಗೆ ಅಲ್ಲ, ಅಷ್ಟೇ.

ಈಗ ಹತ್ತು ದಿನದ ಪ್ರಶ್ನೆ. ಇಲ್ಲಿ ಎರಡು ಬೇರೆ ಬೇರೆ ಕಥೆಗಳಿವೆ. ಉಣ್ಣೆಯದು ಒಂದು, ಚಿಗಟದ್ದು ಇನ್ನೊಂದು. ಎರಡಕ್ಕೂ ಮೊದಲು ಕಾಲರ್ ಕೆಲಸ ಮಾಡುವ ಬಗೆ ತಿಳಿಯಬೇಕು.

ಕಾಲರ್ ಅಂದರೆ ಔಷಧ ತುಂಬಿದ ಪ್ಲಾಸ್ಟಿಕ್ ಪಟ್ಟಿ. ಹೊರಮೈಯ ಔಷಧ ಚರ್ಮಕ್ಕೆ ಮೆತ್ತಿಕೊಂಡಷ್ಟೂ ಒಳಗಿನಿಂದ ಹೊಸದು ಒಸರುತ್ತದೆ. ಚರ್ಮದ ಮೇಲೆ ಸಹಜವಾಗಿ ಇರುವ ಎಣ್ಣೆ ಪದರದಲ್ಲಿ ಅದು ಸೇರಿಕೊಂಡು ಕುತ್ತಿಗೆಯಿಂದ ಹೆಗಲಿಗೆ, ಬೆನ್ನಿಗೆ, ಬಾಲಕ್ಕೆ ಹರಡಿಕೊಳ್ಳುತ್ತದೆ. ಬಹುಪಾಲು ಮೈಮೇಲೇ ಇರುತ್ತದೆ, ರಕ್ತಕ್ಕೆ ಇಳಿಯುವುದು ತುಂಬಾ ಕಡಿಮೆ. ಈ ಹರಡುವಿಕೆಗೆ ಸಮಯ ಬೇಕು. ಡೆಲ್ಟಾಮೆಥ್ರಿನ್ ಕಾಲರ್ ಪೂರ್ತಿ ಬಲಕ್ಕೆ ಬರಲು ಸುಮಾರು ಒಂದು ವಾರ ಹಿಡಿಯುತ್ತದೆ. ಇಮಿಡಾಕ್ಲೋಪ್ರಿಡ್-ಫ್ಲುಮೆಥ್ರಿನ್ ಕಾಲರ್ ಇದಕ್ಕಿಂತ ಚುರುಕು, ಮೈಮೇಲಿನ ಚಿಗಟಗಳ ಮೇಲೆ 24 ಗಂಟೆಯಲ್ಲಿ, ಹೊಸ ಉಣ್ಣೆಗಳ ಮೇಲೆ ಎರಡು ದಿನದಲ್ಲಿ ಕೆಲಸ ಶುರು ಮಾಡುತ್ತದೆ.

'ಹೊಸ ಉಣ್ಣೆ' ಅಂದೆ, ಗಮನಿಸಿ. ಕಾಲರ್ ಕಟ್ಟುವ ಮೊದಲೇ ಬಾಯಿ ಊರಿ ಕೂತಿದ್ದ ಉಣ್ಣೆ ಸಾಯದೆ ಉಳಿಯಬಹುದು. ಸತ್ತರೂ ಕೆಲವು ಅಲ್ಲೇ ಒಣಗಿ ಅಂಟಿಕೊಂಡಿರುತ್ತವೆ. ನಿಮ್ಮ ನಾಯಿಯ ಕಿವಿಯಲ್ಲಿರುವುದು ಅಂಥದ್ದೇ ಇರಬಹುದು. ಕಾಲರ್ ಕಟ್ಟುವ ದಿನವೇ ಕೂತು ಉಣ್ಣೆ ಆರಿಸಬೇಕು ಎನ್ನುವುದು ಇದಕ್ಕೇ. ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕಂಕುಳು, ಬಾಲದ ಬುಡ, ಹಾಗೇ ಕಾಲರ್‌ನ ಕೆಳಗೂ ನೋಡಿ. ಚಿಮುಟವನ್ನು ಚರ್ಮಕ್ಕೆ ತೀರಾ ಹತ್ತಿರ ಇಟ್ಟು, ಉಣ್ಣೆಯ ಬಾಯಿಯ ಭಾಗ ಹಿಡಿದು, ನೇರವಾಗಿ ನಿಧಾನಕ್ಕೆ ಎಳೆಯಿರಿ. ಹೊಟ್ಟೆ ಹಿಸುಕಬೇಡಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ. ಕೆರಳಿದ ಉಣ್ಣೆ ಹೊಟ್ಟೆಯಲ್ಲಿದ್ದದ್ದನ್ನು ನಾಯಿಯ ರಕ್ತಕ್ಕೇ ವಾಂತಿ ಮಾಡುವ ಸಂಭವವಿದೆ. ಕಿತ್ತದ್ದನ್ನು ಉಗುರಿನಿಂದ ಒತ್ತಿ ಸಾಯಿಸದೆ ಸ್ಪಿರಿಟ್ ಇರುವ ಸಣ್ಣ ಡಬ್ಬಿಗೆ ಹಾಕಿ.

ಉಣ್ಣೆಯ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯುವುದಕ್ಕೆ ಕಾರಣವಿದೆ. ಅದು ಕುಡಿಯುವ ರಕ್ತಕ್ಕಿಂತ ಬಿಟ್ಟು ಹೋಗುವ ರೋಗ ಕೆಟ್ಟದ್ದು. ಎರ್ಲಿಕಿಯಾ ಬಂದ ನಾಯಿಗೆ ಜ್ವರ ಬರುತ್ತದೆ, ಊಟ ಬಿಡುತ್ತದೆ, ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ ಬರುವುದೂ ಉಂಟು. ಬೆಬೀಸಿಯಾ ಬಂದರೆ ಒಸಡು ಬಿಳಚಿಕೊಂಡು ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಬೆಬೀಸಿಯಾ ನಾಯಿಗೆ ದಾಟಲು ಉಣ್ಣೆ ಒಂದೆರಡು ದಿನ ಕಚ್ಚಿಕೊಂಡಿರಬೇಕಾಗುತ್ತದೆ. ಎರ್ಲಿಕಿಯಾಗೆ ಕೆಲವೇ ಗಂಟೆ ಸಾಕು. ಕಚ್ಚುವ ಮೊದಲೇ ಉಣ್ಣೆಯನ್ನು ಓಡಿಸುವ ಗುಣ ಪೈರೆಥ್ರಾಯ್ಡ್ ಕಾಲರ್‌ಗಳಿಗೆ ಇರುವುದರಿಂದಲೇ ನನಗೆ ನಾಯಿಯ ಮಟ್ಟಿಗೆ ಅವು ಇಷ್ಟ.

ಇನ್ನು ಚಿಗಟ. ಇಲ್ಲಿ ತಪ್ಪು ಕಾಲರ್‌ದಲ್ಲ ಅನ್ನುವುದು ನನ್ನ ಅನಿಸಿಕೆ. ನೀವು ನಾಯಿಯ ಮೇಲೆ ನೋಡುತ್ತಿರುವುದು ಸೈನ್ಯದ ಮುಂಚೂಣಿ ಮಾತ್ರ. ಉಳಿದವು ನಿಮ್ಮ ಮನೆಯಲ್ಲಿವೆ.

ನಾಯಿಯ ಮೇಲಾಗಲಿ ಬೆಕ್ಕಿನ ಮೇಲಾಗಲಿ ಸಾಮಾನ್ಯವಾಗಿ ಸಿಗುವುದು ಒಂದೇ ಜಾತಿಯ ಚಿಗಟ. ಅದರ ಹೆಸರೇ ಬೆಕ್ಕಿನ ಚಿಗಟ. ಹೆಣ್ಣು ದಿನಕ್ಕೆ 40-50 ಮೊಟ್ಟೆಗಳ ತನಕ ಇಡುತ್ತದೆ. ಮೊಟ್ಟೆ ನುಣುಪಾಗಿರುತ್ತದೆ, ರೋಮಕ್ಕೆ ಅಂಟುವುದಿಲ್ಲ. ನಾಯಿ ಮೈ ಕೊಡವಿದಲ್ಲಿ, ಮಲಗಿದಲ್ಲಿ ಉಪ್ಪು ಉದುರಿಸಿದ ಹಾಗೆ ಉದುರುತ್ತದೆ. ಅದರಿಂದ ಬಂದ ಮರಿಹುಳು ಬೆಳಕು ಕಂಡರೆ ಓಡುತ್ತದೆ. ಚಾಪೆಯ ಅಡಿ, ಸೋಫಾದ ಸಂದು, ಮಂಚದ ಕೆಳಗಿನ ಧೂಳು ಅದರ ಮನೆ. ದೊಡ್ಡ ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತವೇ ಅದರ ಊಟ. ತಾಯಿ ಮೇಲಿನಿಂದ ಊಟ ಉದುರಿಸುತ್ತದೆ, ಮಕ್ಕಳು ಕೆಳಗೆ ತಿನ್ನುತ್ತವೆ. ಹೇಸಿಗೆಯಾದರೂ ಅಚ್ಚುಕಟ್ಟಾದ ಏರ್ಪಾಡು, ಒಪ್ಪಲೇಬೇಕು.

ಆಮೇಲೆ ಮರಿಹುಳು ಅಂಟಂಟಾದ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ಗೂಡಿಗೆ ಧೂಳು ಮೆತ್ತಿಕೊಂಡರೆ ಕಣ್ಣಿಗೂ ಕಾಣುವುದಿಲ್ಲ, ಔಷಧವೂ ಒಳಗೆ ಇಳಿಯುವುದಿಲ್ಲ. ಬೆಚ್ಚಗಿನ, ತೇವದ ಹವೆಯಲ್ಲಿ ಮೊಟ್ಟೆಯಿಂದ ಚಿಗಟದ ತನಕ ಎರಡು ಮೂರು ವಾರ ಸಾಕು. ಆದರೆ ಸಮಯ ಸರಿಯಿಲ್ಲ ಅನಿಸಿದರೆ ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯುತ್ತದೆ. ಹತ್ತಿರದಲ್ಲಿ ಯಾರೋ ಓಡಾಡಿದ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಕಿದ ತಕ್ಷಣ ಹೊರಗೆ ಹಾರುತ್ತದೆ. ರಜೆಗೆ ಬೀಗ ಹಾಕಿ ಹೋದ ಮನೆಗೆ ಕಾಲಿಟ್ಟ ಕೂಡಲೇ ಚಿಗಟ ಮುತ್ತುವುದು ಇದರಿಂದಲೇ. ಒಂದು ಮನೆಯ ಒಟ್ಟು ಚಿಗಟ ಸಂಸಾರದಲ್ಲಿ ಪ್ರಾಣಿಯ ಮೈಮೇಲಿರುವ ದೊಡ್ಡ ಚಿಗಟಗಳು ಸುಮಾರು ನೂರಕ್ಕೆ 5 ಎಂದು ಲೆಕ್ಕ ಹಾಕುತ್ತಾರೆ. ಮಿಕ್ಕ 95 ಮೊಟ್ಟೆ, ಹುಳು, ಗೂಡಿನ ರೂಪದಲ್ಲಿ ನೆಲದ ಮೇಲಿವೆ.

ಈಗ ನಿಮ್ಮ ಮನೆಯ ಲೆಕ್ಕ ನೋಡಿ. ಮೂರು ಪ್ರಾಣಿಗಳಲ್ಲಿ ಒಂದಕ್ಕೆ ಮಾತ್ರ ಔಷಧ. ಎರಡು ಬೆಕ್ಕುಗಳು ಮೊಟ್ಟೆ ಉದುರಿಸುತ್ತಾ ಓಡಾಡುತ್ತಿವೆ. ಹಳೆಯ ಗೂಡುಗಳಿಂದ ದಿನಾ ಹೊಸ ಚಿಗಟ ಎದ್ದು ನಾಯಿಯ ಮೇಲೆ ಹಾರುತ್ತಿವೆ. ಕಾಲರ್ ಅವನ್ನು ಕೊಲ್ಲುತ್ತಿದ್ದರೂ ನಿಮ್ಮ ಕಣ್ಣಿಗೆ ಬೀಳುವುದು 'ಇನ್ನೂ ಇವೆ' ಅಂತಲೇ. ಅದೂ ಅಲ್ಲದೆ ಡೆಲ್ಟಾಮೆಥ್ರಿನ್‌ನ ಬಲ ಜಾಸ್ತಿ ಕಾಣುವುದು ಉಣ್ಣೆ ಮತ್ತು ಮರಳುನೊಣಗಳ ಮೇಲೆ. ಚಿಗಟದ ಕಾಟವೇ ದೊಡ್ಡದಾಗಿದ್ದರೆ ಇಮಿಡಾಕ್ಲೋಪ್ರಿಡ್ ಇರುವ ಕಾಲರ್ ಒಳ್ಳೆಯದು.

ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧ ಮಾಡಿ, ಮನೆಯನ್ನೂ ನೋಡಿಕೊಂಡರೂ ಚಿಗಟ ಪೂರ್ತಿ ನಿಲ್ಲಲು ಎರಡು ಮೂರು ತಿಂಗಳು ಬೇಕಾಗಬಹುದು. ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ವ್ಯಾಕ್ಯೂಮ್ ಇದ್ದರೆ ದಿನಾ ಹೊಡೆಯಿರಿ. ಅದರ ಅದುರಿಗೆ ಗೂಡಿನ ಚಿಗಟಗಳು ಎದ್ದು ಬರುತ್ತವೆ, ಬಂದವು ಔಷಧ ಹಚ್ಚಿಕೊಂಡ ಪ್ರಾಣಿಯ ಮೇಲೆ ಹಾರಿ ಸಾಯುತ್ತವೆ. ಕಸವನ್ನು ಆಗಲೇ ಕಟ್ಟಿ ಹೊರಗೆ ಹಾಕಿ. ಕಾಟ ವಿಪರೀತವಿದ್ದರೆ ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಇರುವ ಮನೆಯ ಸ್ಪ್ರೇ ಕೇಳಿ. ಅವು ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುತ್ತವೆ. ಸ್ಪ್ರೇಯಲ್ಲಿ ಪರ್ಮೆಥ್ರಿನ್ ಕೂಡ ಸೇರಿದ್ದರೆ ಪೂರ್ತಿ ಒಣಗುವ ತನಕ ಬೆಕ್ಕುಗಳನ್ನು ಬಿಡಬೇಡಿ.

ಚಿಗಟ ಇದೆಯೋ ಇಲ್ಲವೋ ಅಂತ ಅನುಮಾನ ಬಂದಾಗ ನಾನು ಮಾಡುವುದು ಇಷ್ಟೇ. ಒದ್ದೆ ಮಾಡಿದ ಬಿಳಿ ಟಿಶ್ಯೂ ಹಾಸಿ, ಬಾಲದ ಬುಡದ ರೋಮವನ್ನು ಅದರ ಮೇಲೆ ಬಾಚುತ್ತೇನೆ. ಕರಿ ಪುಡಿ ಬೀಳುತ್ತದೆ. ಬರೀ ಮಣ್ಣಾದರೆ ಕರಿಯಾಗೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಒಂದು ನಿಮಿಷದಲ್ಲಿ ಸುತ್ತ ಕೆಂಪು ಕಂದು ಬಣ್ಣ ಹರಡುತ್ತದೆ. ವಾರಕ್ಕೊಮ್ಮೆ ಹೀಗೆ ಮಾಡಿ ನೋಡಿದರೆ ಚಿಗಟ ಇಳಿಯುತ್ತಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಹಾಗೆಯೇ ನಾಯಿಯ ಗುದದ ಹತ್ತಿರ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳದ ತುಂಡು. ಚಿಗಟ ನುಂಗಿದ ನಾಯಿ ಬೆಕ್ಕುಗಳಿಗೆ ಬರುತ್ತದೆ, ಅದಕ್ಕೆ ಬೇರೆ ಮಾತ್ರೆ ಇದೆ.

ಉಣ್ಣೆಗೂ ಮನೆಯ ಗೋಡೆ ಗೊತ್ತು. ನಾಯಿಗೆ ಹತ್ತುವ ಕಂದು ಉಣ್ಣೆ ಹೊಟ್ಟೆ ತುಂಬಿದ ಮೇಲೆ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಜಾಗದ ಸುತ್ತ ಗೋಡೆಯ ಬಿರುಕು, ಕಿಟಕಿ ಚೌಕಟ್ಟು ನೋಡಿ. ಬಿರುಕುಗಳನ್ನು ಮುಚ್ಚಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಲರ್ ಕಟ್ಟುವ ರೀತಿಯಲ್ಲೂ ಜನ ಎಡವುತ್ತಾರೆ. ಅಂದಕ್ಕೆ ಅಂತ ರೋಮದ ಮೇಲೆ ಸಡಿಲವಾಗಿ ಇಳಿಬಿಟ್ಟರೆ ಔಷಧ ಚರ್ಮಕ್ಕೆ ತಾಕುವುದೇ ಇಲ್ಲ. ಕಾಲರ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು, ಅದಕ್ಕಿಂತ ಜಾಗ ಬೇಡ. ಜೋಲಾಡುವ ತುದಿಯನ್ನು ಎರಡು ಸೆಂಟಿಮೀಟರ್‌ನಷ್ಟು ಬಿಟ್ಟು ಕತ್ತರಿಸಿ. ಇಲ್ಲದಿದ್ದರೆ ಅದನ್ನೇ ಕಚ್ಚಿ ಜಗಿಯುತ್ತವೆ. ಬೆಳೆಯುವ ಮರಿಯಾದರೆ ವಾರಕ್ಕೊಮ್ಮೆ ಬೆರಳಿಟ್ಟು ನೋಡಿ. ಮರೆತ ಕಾಲರ್ ಚರ್ಮವನ್ನೇ ಕೊರೆದಿದ್ದನ್ನು ನಾನು ಕಂಡಿದ್ದೇನೆ.

ಸ್ನಾನದ ವಿಷಯ ಬೇಗ ಹೇಳಿಬಿಡುತ್ತೇನೆ. ಮಳೆಯಲ್ಲಿ ನೆನೆದರೆ ಚಿಂತೆಯಿಲ್ಲ. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ಶಾಂಪೂ ಹಾಕಿದರೆ, ಈಜಿಸಿದರೆ ಕಾಲರ್‌ನ ಆಯಸ್ಸು ಇಳಿಯುತ್ತದೆ. 8 ತಿಂಗಳು ಬಾಳುವ ಕಾಲರ್ ಚಿಗಟದ ಮಟ್ಟಿಗೆ 5 ತಿಂಗಳಿಗೇ ಸೋಲಬಹುದು. ಕೆರೆ, ಹೊಳೆಗೆ ಇಳಿಸುವಾಗ ಕಾಲರ್ ಬಿಚ್ಚಿಡಿ. ಪೈರೆಥ್ರಾಯ್ಡ್ ಮೀನುಗಳಿಗೆ ಘೋರ ವಿಷ.

ನಾಯಿಗಳು ಸತ್ತವು ಎಂದು ಓದಿದ್ದು ಬಹುಶಃ ಇಮಿಡಾಕ್ಲೋಪ್ರಿಡ್-ಫ್ಲುಮೆಥ್ರಿನ್ ಕಾಲರ್ ಬಗ್ಗೆ ಇರಬೇಕು. 2021ರಲ್ಲಿ ಅಮೆರಿಕದಲ್ಲಿ ಈ ಸುದ್ದಿ ದೊಡ್ಡದಾಯಿತು. ಅಲ್ಲಿನ ಸಂಸತ್ತಿನ ಒಂದು ಉಪಸಮಿತಿ 2022ರಲ್ಲಿ ಕಾಲರನ್ನು ವಾಪಸ್ ಪಡೆಯಿರಿ ಎಂದಿತು. ಪರಿಸರ ಸಂರಕ್ಷಣಾ ಸಂಸ್ಥೆ ದೂರುಗಳನ್ನು ಪರಿಶೀಲಿಸಿ 2023ರಲ್ಲಿ ಕಾಲರ್ ಮಾರಾಟದಲ್ಲಿ ಇರಬಹುದು ಎಂದು ತೀರ್ಮಾನಿಸಿತು. ಆದರೆ ಅನುಮತಿಯನ್ನು 5 ವರ್ಷಕ್ಕೆ ಸೀಮಿತ ಮಾಡಿ, ಲೇಬಲ್‌ನಲ್ಲಿ ಎಚ್ಚರಿಕೆ ಹೆಚ್ಚಿಸಲು ಹೇಳಿತು. ಅದರಲ್ಲಿ ನನ್ನ ಗಮನ ಸೆಳೆದದ್ದು ಒಂದು ಸಂಗತಿ. ಕಾಲರ್‌ಗೂ ಸಾವಿಗೂ ನಂಟು ಗಟ್ಟಿಯಾಗಿ ಕಂಡ ಪ್ರಕರಣಗಳಲ್ಲಿ ಕಾರಣ ಕಾಲರ್ ಸಿಕ್ಕಿಹಾಕಿಕೊಂಡು ಆದ ಉಸಿರುಗಟ್ಟುವಿಕೆ, ಪೆಟ್ಟು. ಎಳೆದರೆ ತಾನೇ ಬಿಚ್ಚಿಕೊಳ್ಳಬೇಕಾದ ಕೊಂಡಿ ಬಿಚ್ಚಿಕೊಂಡಿರಲಿಲ್ಲ. ಮರ ಹತ್ತುವ, ಸಂದಿಯಲ್ಲಿ ನುಗ್ಗುವ ಬೆಕ್ಕಿಗೆ ಈ ಕೊಂಡಿ ಎಷ್ಟು ಮುಖ್ಯ ಅಂತ ನೀವೇ ಊಹಿಸಿ. ನಾಯಿಯ ಕಾಲರ್ ತುಂಡಿಗೆ ದಾರ ಕಟ್ಟಿ ಬೆಕ್ಕಿಗೆ ಹಾಕಬಾರದು ಅನ್ನಲು ಇದು ಇನ್ನೊಂದು ಕಾರಣ.

ಹಾಗಂತ ಎಲ್ಲ ಕಾಲರ್ ಒಂದೇ ಅಲ್ಲ. ಪ್ರೊಪಾಕ್ಸರ್ ಎಂಬ ಕೀಟನಾಶಕದ ಹಳೆಯ ಕಾಲದ ಕಾಲರ್‌ಗಳಿಂದ ಮಕ್ಕಳಿಗೆ ತೊಂದರೆಯಾದೀತು ಎಂಬ ಕಾರಣಕ್ಕೆ 2014ರಲ್ಲಿ ಅಮೆರಿಕದ ತಯಾರಕರು ಅವನ್ನು ನಿಲ್ಲಿಸಲು ಒಪ್ಪಿಕೊಂಡರು. ಅಮಿಟ್ರಾಜ್ ಕಾಲರ್ ಉಣ್ಣೆಗೆ ಮಾತ್ರ, ನಾಯಿಗೆ ಮಾತ್ರ. ನಾಯಿ ಅದನ್ನು ಜಗಿದು ನುಂಗಿದರೆ ಮಂಕಾಗುತ್ತದೆ, ಎದೆಬಡಿತ ಇಳಿಯುತ್ತದೆ. ಅದು ತುರ್ತು ಚಿಕಿತ್ಸೆಯ ಸಂದರ್ಭ. ಗಿಡಮೂಲಿಕೆ ಎಣ್ಣೆಯ ಕಾಲರ್ ಘಮಘಮ ಅನ್ನುತ್ತದೆ, ಅಷ್ಟೇ. ಶಬ್ದತರಂಗದಿಂದ ಚಿಗಟ ಓಡಿಸುವ ಕಾಲರ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಪರೀಕ್ಷೆಗಳಲ್ಲಿ ಅದು ನಿಂತಿಲ್ಲ. ಹೆಸರಾದ ಕಾಲರ್‌ಗಳ ನಕಲಿಯೂ ಓಡಾಡುತ್ತಿದೆ. ಅರ್ಧ ಬೆಲೆಗೆ ಸಿಕ್ಕಿದರೆ, ಬ್ಯಾಚ್ ಸಂಖ್ಯೆ, ಮುಗಿಯುವ ದಿನಾಂಕ ಇಲ್ಲದಿದ್ದರೆ, ಅಕ್ಷರ ತಪ್ಪುಗಳಿದ್ದರೆ ಕೊಳ್ಳಬೇಡಿ.

ಮಗಳ ವಿಷಯಕ್ಕೆ ಬರೋಣ. ಕಾಲರ್ ಕಟ್ಟಿದ ನಾಯಿಯ ಜೊತೆ ಮಗು ಮಲಗುವುದು ಬೇಡ. ಕಾಲರ್ ಮುಟ್ಟಿ ಆಡುವುದು, ನಾಯಿಯ ಕುತ್ತಿಗೆಗೆ ಮುಖ ಒತ್ತುವುದು ಬೇಡ. ಮುದ್ದು ಮಾಡಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. 5 ವರ್ಷದ ಮಗುವಿಗೆ ಇದನ್ನು ದಿನಾ ನೆನಪಿಸುವುದು ಕಷ್ಟ, ಗೊತ್ತು. ಅದಕ್ಕೇ ನಿಮ್ಮಂಥ ಮನೆಗೆ ನಾನು ಕಾಲರ್‌ಗಿಂತ ಬಾಯಿಗೆ ಕೊಡುವ ಮಾತ್ರೆಯನ್ನೇ ಮೊದಲು ಯೋಚಿಸುತ್ತೇನೆ. ಅಫೋಕ್ಸೊಲೇನರ್, ಫ್ಲುರಲೇನರ್ ಗುಂಪಿನ ಮಾತ್ರೆಗಳಿವೆ. ಔಷಧ ರಕ್ತದಲ್ಲಿರುತ್ತದೆ, ಮೈಮೇಲೆ ಇರುವುದಿಲ್ಲ. ಮಗು ಅಪ್ಪಿಕೊಂಡರೂ, ಬೆಕ್ಕು ನಾಯಿಯನ್ನು ನೆಕ್ಕಿದರೂ ಭಯವಿಲ್ಲ. ಚಿಗಟ, ಉಣ್ಣೆ ಕಚ್ಚಿದ ಮೇಲಷ್ಟೇ ಸಾಯುತ್ತವೆ ಎನ್ನುವುದು ಇದರ ಕೊರತೆ. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ. ಈ ಗುಂಪಿನ ಮಾತ್ರೆಗಳಿಂದ ಕೆಲವು ಪ್ರಾಣಿಗಳಿಗೆ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ.

ನಿಮ್ಮ ಬೆಕ್ಕುಗಳು ನಾಯಿಗೆ ಒರಗಿ ಮಲಗುತ್ತವೆಯಾ, ಅದರ ಕುತ್ತಿಗೆ ನೆಕ್ಕುತ್ತವೆಯಾ? ಹೌದಾದರೆ ಈ ಡೆಲ್ಟಾಮೆಥ್ರಿನ್ ಕಾಲರ್ ಬಿಚ್ಚಿಬಿಡಿ. ವೈದ್ಯರನ್ನು ಕೇಳಿ ನಾಯಿಗೆ ಮಾತ್ರೆ, ಬೆಕ್ಕುಗಳಿಗೆ ಬೆಕ್ಕಿನದೇ ಹನಿ ಅಥವಾ ಕಾಲರ್ ಒಂದೇ ದಿನ ಶುರು ಮಾಡಿ. ಬೆಕ್ಕುಗಳು ದೂರವೇ ಇರುತ್ತವೆ, ಮಗಳ ಹಾಸಿಗೆಯನ್ನೂ ಬೇರೆ ಮಾಡಬಲ್ಲಿರಿ ಅಂದರೆ ಕಾಲರ್ ಇರಲಿ. ಆದರೆ ಅದರ ಮೇಲೆ ಇನ್ನೊಂದು ಸ್ಪ್ರೇ, ಇನ್ನೊಂದು ಹನಿ ಅಂತ ಸೇರಿಸುತ್ತಾ ಹೋಗಬೇಡಿ. ಚಿಗಟ ಹೋಗಿಲ್ಲ ಅನ್ನುವ ಸಿಟ್ಟಿನಲ್ಲಿ ಜನ ಮಾಡುವ ದೊಡ್ಡ ತಪ್ಪು ಅದೇ.

ಕಾಲರ್ ಕಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪ ಕೆರೆತ, ಕುತ್ತಿಗೆ ತುಸು ಕೆಂಪಾಗುವುದು ಸಾಮಾನ್ಯ. ರೋಮ ಉದುರಿ ಹುಣ್ಣಾದರೆ ಬಿಚ್ಚಿ. ಜೊಲ್ಲು ಸುರಿಸುವುದು, ವಾಂತಿ, ತೂರಾಡುವುದು, ನಡುಕ ಕಂಡರೆ ತಕ್ಷಣ ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಕುತ್ತಿಗೆ, ಮೈ ತೊಳೆದು, ಟವೆಲ್ ಸುತ್ತಿ ಬೆಚ್ಚಗಿಟ್ಟು ಆಸ್ಪತ್ರೆಗೆ ಓಡಿ. ಬೆಕ್ಕಾದರೆ ಕಿವಿ ಅದುರುವುದು ಕಂಡರೂ ಸಾಕು, ಕಾಯಬೇಡಿ.

ಕಾಲರ್‌ನ ಪೆಟ್ಟಿಗೆಯನ್ನು ಎಸೆದಿಲ್ಲ ತಾನೇ? ಅದರ ಮೇಲೆ ಕಟ್ಟಿದ ದಿನಾಂಕ ಬರೆದು ಜೋಪಾನವಾಗಿಡಿ, ಆಸ್ಪತ್ರೆಗೆ ಬರುವಾಗ ಅದನ್ನೂ ತನ್ನಿ. ನಡುಗುವ ಪ್ರಾಣಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ನಾವು ಕೇಳುವುದು ಆ ಪೆಟ್ಟಿಗೆಯನ್ನೇ.